ಹಳೆಯ ವೇಷದ ವಾಲ್ವ್ ಪೆಟ್ಟಿಗೆ: ಕೊಳ್ಳುವ ಮೊದಲು



ನಮ್ಮ ಗಡಿನಾಡಿನ ಹಳ್ಳಿಗಳಲ್ಲಿ ಗಿಟಾರ್ ಈಗ ಅಪರೂಪದ ವಸ್ತುವಲ್ಲ. ಇಗರ್ಜಿಯ ಗಾಯನ ಮಂಡಳಿಯಲ್ಲಿ ಉಂಟು, ಕಾಲೇಜಿನ ವಾರ್ಷಿಕೋತ್ಸವದಲ್ಲಿ ಉಂಟು, ಮದುವೆ ಮನೆಯ ರಸಮಂಜರಿಯಲ್ಲಂತೂ ಇದ್ದೇ ಉಂಟು. ಮರದ ಹೊಟ್ಟೆಯಿರುವ ಸಾದಾ ಗಿಟಾರಿಗೆ ಬೇರೆ ಯಂತ್ರ ಬೇಡ. ವಿದ್ಯುತ್ ಗಿಟಾರಿಗೆ ಬೇಕು. ಅದಕ್ಕೆ ಹೊಟ್ಟೆಯೇ ಇಲ್ಲ, ಇರುವುದು ಒಂದು ಗಟ್ಟಿ ಹಲಗೆ. ತಂತಿಗಳ ಕೆಳಗೆ ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಷ್ಟು ತೆಳುವಾದ ತಾಮ್ರದ ತಂತಿಯ ಸುರುಳಿ. ಉಕ್ಕಿನ ತಂತಿ ಮಿಡಿದಾಗ ಆ ಸುರುಳಿಯಲ್ಲಿ ಬಹಳ ಸಣ್ಣ ವಿದ್ಯುತ್ ಹುಟ್ಟುತ್ತದೆ. ಅದನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕೊಡುವ ಪೆಟ್ಟಿಗೆಗೆ ಆಂಪ್ಲಿಫಯರ್ ಎಂದು ಹೆಸರು.

ಈ ಆಂಪ್ಲಿಫಯರುಗಳಲ್ಲಿ ಒಂದು ಜಾತಿಯದು ನೋಡಲು ನಮ್ಮ ಅಜ್ಜನ ಕಾಲದ ರೇಡಿಯೋದ ಹಾಗೆಯೇ ಇರುತ್ತದೆ. ಕೆನೆ ಬಣ್ಣದ ಹೊದಿಕೆ, ಎದುರಿಗೆ ಬಟ್ಟೆಯ ಜಾಲರಿ, ಮೇಲೆ ಚರ್ಮದಂಥ ಹಿಡಿ, ಒಂದೋ ಎರಡೋ ತಿರುಗಣೆ. ಹಿಂದಿನಿಂದ ಇಣುಕಿದರೆ ಒಳಗೆ ಗಾಜಿನ ವಾಲ್ವುಗಳು ಮಂದವಾಗಿ ಕೆಂಪಗೆ ಹೊಳೆಯುತ್ತಿರುತ್ತವೆ. ಅಮೆರಿಕದವರು ಇದನ್ನು ಟ್ಯೂಬ್ ಎನ್ನುತ್ತಾರೆ, ಇಂಗ್ಲೆಂಡಿನವರು ವಾಲ್ವ್ ಎನ್ನುತ್ತಾರೆ. ರೇಡಿಯೋ ಕೇಳಿ ಬೆಳೆದ ನಮಗೆ ವಾಲ್ವ್ ಎಂಬುದೇ ರೂಢಿ. ಅಷ್ಟೇ ವಾಟಿನ ಟ್ರಾನ್ಸಿಸ್ಟರ್ ಪೆಟ್ಟಿಗೆಗಿಂತ ಇದರ ಬೆಲೆ ಸಾಮಾನ್ಯವಾಗಿ ಬಹಳ ಹೆಚ್ಚು. ಮಕ್ಕಳು ಇದೇ ಬೇಕೆಂದು ಹಟ ಹಿಡಿದರೆ ತಂದೆತಾಯಂದಿರು ಏನು ನೋಡಬೇಕು, ಏನು ಕೇಳಬೇಕು? ಇವತ್ತಿನ ಮಾತು ಅದರ ಬಗ್ಗೆ.

ನಾನು ಎಂಜಿನಿಯರ್ ಅಲ್ಲ. ಹತ್ತನೆಯ ತರಗತಿ ಪಾಸು ಮಾಡಿ ಬ್ಯಾಂಕಿನ ಗುಮಾಸ್ತನಾಗಿ ಸೇರಿದವನು, ಗುಮಾಸ್ತನಾಗಿಯೇ ನಿವೃತ್ತನಾದವನು. ವಾಲ್ವ್ ರೇಡಿಯೋ ಬಿಚ್ಚಿ ಜೋಡಿಸುವವರ ಪಕ್ಕದಲ್ಲಿ ಕುಳಿತು ನೋಡುವ ಹವ್ಯಾಸ ಮಾತ್ರ ಚಿಕ್ಕಂದಿನಿಂದ ಬಿಟ್ಟಿಲ್ಲ. ಬ್ಯಾಂಕಿನಲ್ಲಿ ಚಿನ್ನದ ಮೇಲೆ ಸಾಲ ಕೊಡುವಾಗ ಒಂದು ಕ್ರಮ ಉಂಟು. ಒಡವೆಯಲ್ಲಿ ಕಲ್ಲು ಕೂರಿಸಿದ್ದರೆ ಮೊದಲು ಕಲ್ಲಿನ ತೂಕವನ್ನು ಕಳೆಯುತ್ತಾರೆ. ಕಲ್ಲು ಎಷ್ಟು ಚೆಂದ ಹೊಳೆದರೂ ಸಾಲ ಸಿಗುವುದು ಚಿನ್ನಕ್ಕೆ. ಈ ಪೆಟ್ಟಿಗೆಯನ್ನೂ ಹಾಗೆಯೇ ತೂಗಬೇಕು. ಹಳೆಯ ಕಾಲದ ಚೆಂದ ಅದರ ಕಲ್ಲು. ಅದನ್ನು ಕಳೆದು ಉಳಿಯುವ ಚಿನ್ನ ಎಷ್ಟು ಎಂದು ನೋಡೋಣ.

ಮೊದಲು ವಾಲ್ವ್ ಎಂದರೆ ಏನೆಂದು ತಿಳಿಯಬೇಕು. ಇಂಗ್ಲೆಂಡಿನ ಫ್ಲೆಮಿಂಗ್ ಎಂಬವರು 1904ರಲ್ಲಿ ಎರಡು ಕಾಲಿನ ವಾಲ್ವನ್ನು ಮಾಡಿದರು. ಎರಡು ವರ್ಷದ ನಂತರ ಅಮೆರಿಕದ ಲೀ ಡಿ ಫಾರೆಸ್ಟ್ ಅದರ ನಡುವೆ ಮೂರನೆಯದಾಗಿ ಒಂದು ಜಾಲರಿ ಸೇರಿಸಿದರು. ಗಾಳಿ ತೆಗೆದ ಗಾಜಿನ ಬುರುಡೆಯೊಳಗೆ ಒಂದು ಕೊಳವೆ ಕಾಯುತ್ತದೆ. ಕಾದ ಕೊಳವೆಯಿಂದ ಎಲೆಕ್ಟ್ರಾನುಗಳು ಹೊರಬೀಳುತ್ತವೆ. ಆಚೆ ಬದಿಯಲ್ಲಿ ಒಂದು ಲೋಹದ ತಗಡು, ಅದಕ್ಕೆ ಇನ್ನೂರು ಮುನ್ನೂರು ವೋಲ್ಟ್ ಕೊಟ್ಟಿರುತ್ತಾರೆ. ಎಲೆಕ್ಟ್ರಾನುಗಳು ಆ ತಗಡಿನ ಕಡೆಗೆ ಹರಿಯುತ್ತವೆ. ನಡುವಿನ ಜಾಲರಿ ಈ ಹರಿವನ್ನು ಹಿಡಿಯುತ್ತದೆ, ಬಿಡುತ್ತದೆ.

ತೋಡಿಗೆ ಅಡ್ಡವಾಗಿ ಕಟ್ಟ ಕಟ್ಟಿ ತೋಟಕ್ಕೆ ನೀರು ಬಿಡುವವರಿಗೆ ಇದು ಸುಲಭವಾಗಿ ಅರ್ಥವಾದೀತು. ಕಟ್ಟದ ಹಲಗೆಯನ್ನು ಒಬ್ಬ ಹುಡುಗ ಒಂದು ಗೇಣು ಎತ್ತಿದರೆ ಸಾಕು, ಇಡೀ ತೋಟಕ್ಕೆ ನೀರು ನುಗ್ಗುತ್ತದೆ. ಹುಡುಗನ ಶಕ್ತಿ ಸಣ್ಣದು, ನೀರಿನ ಶಕ್ತಿ ದೊಡ್ಡದು. ಆದರೆ ನೀರು ಹುಡುಗನ ಕೈ ಹೇಳಿದಂತೆ ಕೇಳುತ್ತದೆ. ಗಿಟಾರಿನ ಸಣ್ಣ ವಿದ್ಯುತ್ ಆ ಹುಡುಗನ ಕೈ. ಜಾಲರಿ ಹಲಗೆ. ಮುನ್ನೂರು ವೋಲ್ಟಿನ ಹರಿವು ತೋಡಿನ ನೀರು.

ಒಂದು ಕಾಲಕ್ಕೆ ನಮ್ಮ ಮನೆಗಳ ರೇಡಿಯೋ ಓಡಿದ್ದು ಇದೇ ಬಲದಿಂದ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವುಗಳನ್ನು ತಯಾರಿಸತೊಡಗಿತು. ಅಷ್ಟರೊಳಗೆ, 1947ರಲ್ಲೇ, ಅಮೆರಿಕದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿಯಾಗಿತ್ತು. ನಿಧಾನವಾಗಿ ರೇಡಿಯೋದಿಂದ ವಾಲ್ವ್ ಹೋಯಿತು, ಟಿವಿಯಿಂದ ಹೋಯಿತು. ಗಿಟಾರಿನವರು ಮಾತ್ರ ಅದನ್ನು ಬಿಡಲಿಲ್ಲ.

ಯಾಕೆ ಬಿಡಲಿಲ್ಲ? ವಾಲ್ವಿನ ದನಿ ಬೆಚ್ಚಗೆ ಎನ್ನುತ್ತಾರೆ. ತುಳುವಿನಲ್ಲಿ ಬೆಚ್ಚ ಎಂದರೂ ಮಲಯಾಳದಲ್ಲಿ ಚೂಡ್ ಎಂದರೂ ಅದು ಕೈಗೆ ತಾಗುವ ಬಿಸಿ, ಕಿವಿಗೆ ತಾಗುವುದು ಹೇಗೆ? ಇದಕ್ಕೆ ಶ್ರುತಿಯ ಲೆಕ್ಕ ಗೊತ್ತಿದ್ದವರು ಬೇಗ ಉತ್ತರ ಹಿಡಿಯಬಲ್ಲರು. ಯಾವ ಆಂಪ್ಲಿಫಯರಿಗೂ ಒಂದು ಮಿತಿ ಉಂಟು. ಆ ಮಿತಿ ದಾಟಿ ದುಡಿಸಿದರೆ ಸ್ವರದ ಅಲೆಯ ತಲೆ ಚಪ್ಪಟೆಯಾಗುತ್ತದೆ, ಮೂಲ ಸ್ವರದಲ್ಲಿ ಇಲ್ಲದ ಹೊಸ ಸ್ವರಗಳು ಸೇರಿಕೊಳ್ಳುತ್ತವೆ. ಒಂದೇ ಪವರ್ ವಾಲ್ವ್ ಇರುವ ಸಣ್ಣ ಪೆಟ್ಟಿಗೆಯಲ್ಲಿ ಚಪ್ಪಟೆಯಾಗುವುದು ಮೆಲ್ಲಮೆಲ್ಲನೆ. ಆಗ ಮೊದಲಿಗೆ ಎದ್ದು ಬರುವುದು ಮೂಲ ಸ್ವರದ ಎರಡರಷ್ಟು ಕಂಪನದ ಸ್ವರ. ಷಡ್ಜ ನುಡಿಸಿದರೆ ಅದು ತಾರ ಷಡ್ಜ. ಮೂರರಷ್ಟು ಕಂಪನದ್ದು ಅದರ ಮೇಲಿನ ಪಂಚಮ. ತಂಬೂರಿಯ ಒಂದೇ ತಂತಿಯಲ್ಲಿ ಇವೆರಡನ್ನೂ ಕೇಳಿದವರು ನಾವು, ಆದ್ದರಿಂದ ಅವು ಕಿವಿಗೆ ಪರಕೀಯವಲ್ಲ. ಟ್ರಾನ್ಸಿಸ್ಟರಿನ ಸಾದಾ ಪೆಟ್ಟಿಗೆ ಮಿತಿ ದಾಟಿದಾಗ ಅಲೆಯ ತಲೆಯನ್ನು ಕತ್ತಿಯಿಂದ ಕಡಿದಂತೆ ಕತ್ತರಿಸುತ್ತದೆ. ಆಗ ಬಹಳ ಮೇಲಿನ, ಶ್ರುತಿಗೆ ಕೂಡದ ಸ್ವರಗಳು ಹೆಚ್ಚಾಗಿ ಎದ್ದು ಕರ್ಕಶವಾಗುತ್ತದೆ. ಭಾಷಣದ ಮೈಕಿಗೆ ಈ ವ್ಯತ್ಯಾಸ ಬೇಡ. ಬೇಕೆಂದೇ ಮಿತಿ ದಾಟಿಸಿ ನುಡಿಸುವ ಗಿಟಾರಿಗೆ ಇದೇ ಮುಖ್ಯ.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಈಗಿನ ಡಿಜಿಟಲ್ ಪೆಟ್ಟಿಗೆಗಳು ವಾಲ್ವಿನ ದನಿಯನ್ನು ಬಹಳ ಚೆನ್ನಾಗಿ ಅನುಕರಿಸುತ್ತವೆ. ದೂರದಿಂದ ಕೇಳುವವರಿಗೆ ವ್ಯತ್ಯಾಸ ತಿಳಿಯುವುದು ಕಷ್ಟ. ವಾಲ್ವ್ ಇಲ್ಲದಿದ್ದರೆ ಸಂಗೀತವೇ ಇಲ್ಲ ಎಂಬ ಮಾತನ್ನು ಅಂಗಡಿಯವರು ಹೇಳಿದರೆ ನಂಬಬೇಕಾಗಿಲ್ಲ.

ಇನ್ನು ಒಂದು ನಿಜವಾದ ಉದಾಹರಣೆ ತೆಗೆದುಕೊಳ್ಳೋಣ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫುಲರ್ಟನ್ ಎಂಬ ಊರು. ಅಲ್ಲಿ ಲಿಯೋ ಫೆಂಡರ್ ಎಂಬವರು 1938ರಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದರು. ಅವರು ಕಾಲೇಜಿನಲ್ಲಿ ಕಲಿತದ್ದು ಲೆಕ್ಕಪತ್ರ, ಅಂಗಡಿ ತೆರೆಯುವ ಮೊದಲು ಮಾಡುತ್ತಿದ್ದ ಕೆಲಸವೂ ಲೆಕ್ಕ ಬರೆಯುವುದು. ಗಿಟಾರ್ ನುಡಿಸಲು ಅವರಿಗೆ ಬರುತ್ತಿರಲಿಲ್ಲ. ಆದರೂ ಜಗತ್ತಿನ ಅತಿ ಪ್ರಸಿದ್ಧ ವಿದ್ಯುತ್ ಗಿಟಾರುಗಳೂ ಆಂಪ್ಲಿಫಯರುಗಳೂ ಅವರ ಹೆಸರಿನಲ್ಲಿ ಬಂದವು. 1965ರಲ್ಲಿ ಅವರು ಕಂಪನಿಯನ್ನು ಸಿಬಿಎಸ್ ಎಂಬ ಸಂಸ್ಥೆಗೆ ಮಾರಿದರು, 1991ರಲ್ಲಿ ತೀರಿಕೊಂಡರು.

ಅವರ ಕಂಪನಿ 1949ರಲ್ಲಿ ಚಾಂಪಿಯನ್ 600 ಎಂಬ ಪುಟ್ಟ ಆಂಪ್ಲಿಫಯರನ್ನು ಹೊರತಂದಿತು. ಮಡಿಲಲ್ಲಿ ಅಡ್ಡ ಇಟ್ಟು ನುಡಿಸುವ ಸ್ಟೀಲ್ ಗಿಟಾರ್ ಕಲಿಯುವ ವಿದ್ಯಾರ್ಥಿಗಳಿಗಾಗಿ ಮಾಡಿದ ಅಗ್ಗದ ಪೆಟ್ಟಿಗೆ ಅದು. ಆರು ಇಂಚಿನ ಸ್ಪೀಕರ್, ಒಂದೇ ತಿರುಗಣೆ, ಕಂದು ಮತ್ತು ಕೆನೆ ಎರಡು ಬಣ್ಣದ ಹೊದಿಕೆ. ಒಳಗೆ ಮೂರು ವಾಲ್ವ್: ದನಿ ಎತ್ತಲು 6ಎಸ್‌ಜೆ7, ಸ್ಪೀಕರನ್ನು ದುಡಿಸಲು 6ವಿ6, ಕರೆಂಟನ್ನು ಒಂದೇ ದಿಕ್ಕಿಗೆ ತಿರುಗಿಸಲು 5ವೈ3. ಮುಂದೆ ಇದೇ ವಂಶದಲ್ಲಿ ಚಾಂಪ್ ಎಂಬ ಹೆಸರಿನವು ಬಂದವು. ಸುಮಾರು ಐದು ವಾಟ್, ಎಂಟು ಇಂಚಿನ ಸ್ಪೀಕರ್. ಕಲಿಯುವವರಿಗೆಂದು ಮಾಡಿದ ಈ ಪೆಟ್ಟಿಗೆಗಳನ್ನು ದೊಡ್ಡ ದೊಡ್ಡ ಕಲಾವಿದರು ಧ್ವನಿಮುದ್ರಣಕ್ಕೆ ಬಳಸತೊಡಗಿದರು. ಕಾರಣ ಸರಳ. ದೊಡ್ಡ ಪೆಟ್ಟಿಗೆಯನ್ನು ಮಿತಿ ದಾಟಿಸಬೇಕಾದರೆ ಕಿವಿ ಕಿವುಡಾಗುವಷ್ಟು ದನಿ ಎತ್ತಬೇಕು. ಸಣ್ಣ ಪೆಟ್ಟಿಗೆ ಕೋಣೆಯೊಳಗೇ ಮಿತಿ ದಾಟುತ್ತದೆ.

2007ರಲ್ಲಿ ಅದೇ ಕಂಪನಿ ಅದೇ ಹೆಸರಿನ ಚಾಂಪಿಯನ್ 600 ಅನ್ನು ಹಳೆಯ ವೇಷದಲ್ಲಿ ಮತ್ತೆ ತಂದಿತು, ಚೀನಾದಲ್ಲಿ ತಯಾರಿಸಿ. ಈಗ ಅದು ಹೊಸದಾಗಿ ಬರುವುದಿಲ್ಲ, ಕೈ ಬದಲಾಯಿಸಿದ್ದು ಸಿಗುತ್ತದೆ. ಹೊರಗಿನ ಬಣ್ಣ ಹಳೆಯದೇ, ಸ್ಪೀಕರ್ ಆರು ಇಂಚಿನದೇ, ತಿರುಗಣೆ ಒಂದೇ. ಒಳಗೆ ಮಾತ್ರ ಲೆಕ್ಕ ಬೇರೆ. 6ಎಸ್‌ಜೆ7 ಜಾಗದಲ್ಲಿ 12ಎಎಕ್ಸ್7 ಎಂಬ ವಾಲ್ವ್ ಬಂತು. 5ವೈ3 ಹೋಗಿ ಡಯೋಡುಗಳು ಬಂದವು. 6ವಿ6 ಉಳಿಯಿತು. ಕೈಯಿಂದ ಬೆಸೆಯುತ್ತಿದ್ದ ವೈರುಗಳ ಜಾಗದಲ್ಲಿ ಅಚ್ಚಿನ ಸರ್ಕ್ಯೂಟ್ ಹಲಗೆ ಬಂತು. ಇದು ಮೋಸವಲ್ಲ. ಡಯೋಡ್ ಸುಲಭವಾಗಿ ಹಾಳಾಗುವುದಿಲ್ಲ, ಇಷ್ಟು ಸಣ್ಣ ಪೆಟ್ಟಿಗೆಯಲ್ಲಿ ಅದರಿಂದ ದನಿಗೆ ಆಗುವ ವ್ಯತ್ಯಾಸವೂ ಅಲ್ಪ. ಆದರೆ 1949ರ ಪೆಟ್ಟಿಗೆಯೇ ಇದು ಎಂದು ಯಾರಾದರೂ ಹೇಳಿ ಹೆಚ್ಚು ಹಣ ಕೇಳಿದರೆ, ಅವರು ಕಲ್ಲಿನ ತೂಕವನ್ನೂ ಚಿನ್ನಕ್ಕೆ ಸೇರಿಸಿ ಹೇಳುತ್ತಿದ್ದಾರೆ ಎಂದು ತಿಳಿಯಿರಿ.

ಇಂಗ್ಲೆಂಡಿನ ವೋಕ್ಸ್ ಹೆಸರಿನಲ್ಲಿ 2009ರಲ್ಲಿ ಬಂದ ಎಸಿ4ಟಿವಿ ಇನ್ನೊಂದು ಉದಾಹರಣೆ. ಮುಖ ಹಳೆಯ ಟಿವಿಯ ಹಾಗೆ, ಸ್ಪೀಕರ್ ಹತ್ತು ಇಂಚು, ವಾಲ್ವ್ ಎರಡು: ಒಂದು 12ಎಎಕ್ಸ್7, ಇನ್ನೊಂದು ಇಎಲ್84. ಇದರಲ್ಲಿ ನಾಲ್ಕು ವಾಟ್, ಒಂದು ವಾಟ್, ಕಾಲು ವಾಟ್ ಎಂದು ದನಿಯ ಬಲವನ್ನು ಇಳಿಸುವ ಸ್ವಿಚ್ಚು ಉಂಟು.

ಕಾಲು ವಾಟ್ ಎಂದ ಕೂಡಲೇ ನಗಬೇಡಿ. ವಾಟಿನ ಲೆಕ್ಕ ಬಡ್ಡಿಯ ಲೆಕ್ಕದ ಹಾಗೆ ನೇರವಾಗಿ ಏರುವುದಿಲ್ಲ. ವಾಟ್ ಎರಡು ಪಟ್ಟಾದರೆ ದನಿ ಮೂರು ಡೆಸಿಬಲ್ ಮಾತ್ರ ಏರುತ್ತದೆ. ಕಿವಿಗೆ ಎರಡು ಪಟ್ಟು ಜೋರಾಗಿ ಕೇಳಿಸಬೇಕಾದರೆ ವಾಟ್ ಸುಮಾರು ಹತ್ತು ಪಟ್ಟು ಆಗಬೇಕು. ಅಂದರೆ ಐವತ್ತು ವಾಟಿನ ಪೆಟ್ಟಿಗೆ ಐದು ವಾಟಿನದಕ್ಕಿಂತ ಕಿವಿಗೆ ಹತ್ತು ಪಟ್ಟಲ್ಲ, ಎರಡು ಪಟ್ಟು. ಮನೆಯ ಜಗಲಿಯಲ್ಲಿ ಐದು ವಾಟ್ ಪೂರ್ತಿ ಬಿಟ್ಟರೆ ಮೂರನೆಯ ಮನೆಯವರು ಕೇಳಲು ಬರುತ್ತಾರೆ, ಸಂಗೀತ ಕೇಳಲು ಅಲ್ಲ. ಕಾಲು ವಾಟ್ ಕೂಡ ಮಾತಿನ ದನಿಗಿಂತ ಜೋರು. ಸ್ಪೀಕರಿನ ಗುಣವೂ ವಾಟಿನಷ್ಟೇ ಮುಖ್ಯ. ಅದೇ ಕರೆಂಟಿಗೆ ಮೂರು ಡೆಸಿಬಲ್ ಹೆಚ್ಚು ಕೊಡುವ ಸ್ಪೀಕರ್ ಹಾಕಿದರೆ ವಾಟನ್ನು ಎರಡು ಪಟ್ಟು ಮಾಡಿದಂತೆಯೇ.

ಈಗ ಪರೀಕ್ಷೆಗೆ ಬರೋಣ. ಅಂಗಡಿಯಲ್ಲಾಗಲಿ, ಮಾರುವವರ ಮನೆಯಲ್ಲಾಗಲಿ, ಈ ಕ್ರಮದಲ್ಲಿ ನೋಡಿ.

ಒಂದನೆಯದು, ಕರೆಂಟಿಗೆ ಚುಚ್ಚುವ ಮೊದಲು ಹಿಂಭಾಗದ ಪಟ್ಟಿಯನ್ನು ಓದುವುದು. ಅಲ್ಲಿ 230 ವೋಲ್ಟ್, 50 ಹರ್ಟ್ಸ್ ಎಂದು ಇರಬೇಕು. 120 ವೋಲ್ಟ್, 60 ಹರ್ಟ್ಸ್ ಎಂದಿದ್ದರೆ ಅದು ಅಮೆರಿಕದ ಮಾರುಕಟ್ಟೆಗೆ ಮಾಡಿದ್ದು. ಕಾಸರಗೋಡಿನ ಕಡೆಯವರಿಗೆ ಈ ಮಾತು ವಿಶೇಷವಾಗಿ ಬೇಕು, ಯಾಕೆಂದರೆ ನಮ್ಮಲ್ಲಿ ಗಲ್ಫಿನಿಂದ ಬಂದ ಪೆಟ್ಟಿಗೆ ಇಲ್ಲದ ಊರಿಲ್ಲ. ದುಬೈಯ ಕರೆಂಟು ನಮ್ಮದರಂತೆಯೇ. ಸೌದಿ ಅರೇಬಿಯಾದ ಮನೆಗಳಲ್ಲಿ ಬಹುಕಾಲ ಇದ್ದದ್ದು 127 ವೋಲ್ಟ್, 60 ಹರ್ಟ್ಸ್. ಅಲ್ಲಿ ಕೊಂಡದ್ದನ್ನು ಇಲ್ಲಿ ನೇರವಾಗಿ ಚುಚ್ಚಿದರೆ ಒಂದು ಕ್ಷಣದಲ್ಲಿ ಒಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟು ಹೋದೀತು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟು ವೋಲ್ಟ್ ಇಳಿಸಬಹುದು, 50 ಹರ್ಟ್ಸನ್ನು 60 ಮಾಡಲು ಮಾತ್ರ ಅದರಿಂದ ಆಗುವುದಿಲ್ಲ. 60ಕ್ಕೆ ಮಾತ್ರ ಲೆಕ್ಕ ಹಾಕಿ ಸುತ್ತಿದ ಟ್ರಾನ್ಸ್‌ಫಾರ್ಮರ್ 50ರಲ್ಲಿ ಹೆಚ್ಚು ಬಿಸಿಯಾಗುತ್ತದೆ.

ಎರಡನೆಯದು, ಪ್ಲಗ್ಗಿಗೆ ಮೂರು ಕಾಲು ಉಂಟೇ? ಇದು ಹಣದ ಪ್ರಶ್ನೆಯಲ್ಲ, ಜೀವದ ಪ್ರಶ್ನೆ. ವಿದ್ಯುತ್ ಗಿಟಾರಿನ ತಂತಿಗಳನ್ನು ಆಂಪ್ಲಿಫಯರಿನ ಲೋಹದ ಮೈಗೆ ಜೋಡಿಸಿರುತ್ತಾರೆ, ಗುಂಯ್ ಎಂಬ ಸದ್ದು ಕಡಿಮೆಯಾಗಲಿ ಎಂದು. ಆದ್ದರಿಂದ ಪೆಟ್ಟಿಗೆಯ ಮೈಗೆ ಕರೆಂಟು ಸೋರಿದರೆ ಅದು ನೇರವಾಗಿ ನುಡಿಸುವವರ ಬೆರಳಿಗೆ ಬರುತ್ತದೆ. ಹಳೆಯ ಅಮೆರಿಕನ್ ಪೆಟ್ಟಿಗೆಗಳಲ್ಲಿ ಎರಡೇ ಕಾಲಿನ ಪ್ಲಗ್ಗು, ಒಳಗೆ ಕರೆಂಟಿನ ಒಂದು ವೈರಿನಿಂದ ಮೈಗೆ ಒಂದು ಕೆಪಾಸಿಟರ್. ಆ ಕೆಪಾಸಿಟರ್ ಸೋತರೆ ಇಡೀ ಮೈ ಕರೆಂಟು. ಅಂಥದು ಕೈಗೆ ಬಂದರೆ ತಿಳಿದ ಮೆಕ್ಯಾನಿಕ್ಕನಿಂದ ಆ ಕೆಪಾಸಿಟರ್ ತೆಗೆಸಿ, ಮೂರು ಕಾಲಿನ ವೈರು ಹಾಕಿಸಿದ ಮೇಲೆಯೇ ಮುಟ್ಟಬೇಕು.

ಪೆಟ್ಟಿಗೆಗೆ ಮೂರು ಕಾಲಿದ್ದರೆ ಸಾಲದು, ಗೋಡೆಯಲ್ಲೂ ಅರ್ಥ್ ಸರಿಯಾಗಿರಬೇಕು. ಜಾತ್ರೆಯ ಚಪ್ಪರದಲ್ಲಿ ಎಳೆದ ತಾತ್ಕಾಲಿಕ ವೈರಿನಲ್ಲಿ ಅರ್ಥ್ ಇದೆಯೋ ಇಲ್ಲವೋ ಎಂದು ಕೇಳುವವರಿಲ್ಲ. ಗಿಟಾರ್ ಒಂದು ಪೆಟ್ಟಿಗೆಗೆ, ಮೈಕು ಇನ್ನೊಂದು ಪೆಟ್ಟಿಗೆಗೆ ಜೋಡಿಸಿ, ಎರಡರಲ್ಲಿ ಒಂದಕ್ಕೆ ಅರ್ಥ್ ಇಲ್ಲದಿದ್ದರೆ ಕೈ ತಂತಿಯ ಮೇಲಿರುವಾಗ ತುಟಿ ಮೈಕಿಗೆ ತಾಗಿದರೆ ಸಾಕು. 1972ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸ್ವಾನ್ಸೀ ಊರಿನಲ್ಲಿ ಲೆಸ್ ಹಾರ್ವೆ ಎಂಬ ಗಿಟಾರ್ ವಾದಕ ವೇದಿಕೆಯ ಮೇಲೆಯೇ ಪ್ರಾಣ ಬಿಟ್ಟರು. ಅರ್ಥ್ ಇಲ್ಲದ ಮೈಕನ್ನು ಮುಟ್ಟಿದ್ದೇ ಕಾರಣ. ಮನೆಯಲ್ಲಿ ಇಎಲ್‌ಸಿಬಿ ಹಾಕಿಸಿದ್ದರೆ ಅದರ ಟೆಸ್ಟ್ ಗುಂಡಿಯನ್ನು ಒಮ್ಮೆ ಒತ್ತಿ ನೋಡಿ. ಬರಿಗಾಲಿನಲ್ಲಿ, ಒದ್ದೆ ನೆಲದಲ್ಲಿ ನಿಂತು ನುಡಿಸಲು ಮಕ್ಕಳನ್ನು ಬಿಡಬೇಡಿ.

ಮೂರನೆಯದು, ಹಿಂದಿನಿಂದ ಇಣುಕಿ ವಾಲ್ವುಗಳನ್ನು ಎಣಿಸುವುದು. ಕೆಲವು ಪೆಟ್ಟಿಗೆಗಳಲ್ಲಿ ಹಳೆಯ ವೇಷ ಮಾತ್ರ, ಒಳಗೆ ವಾಲ್ವೇ ಇಲ್ಲ. ಕೆಲವದರಲ್ಲಿ ಒಂದು ಸಣ್ಣ ವಾಲ್ವ್ ಇಟ್ಟು ಉಳಿದ ಕೆಲಸವೆಲ್ಲ ಟ್ರಾನ್ಸಿಸ್ಟರಿಗೆ. ಅವು ಕೆಟ್ಟವಲ್ಲ, ಆದರೆ ಅವುಗಳಿಗೆ ಪೂರ್ತಿ ವಾಲ್ವಿನ ಬೆಲೆ ಕೊಡಬಾರದು. ಒಂದು ಸಣ್ಣದು, ಒಂದು ದೊಡ್ಡದು, ಹೀಗೆ ಕಡಿಮೆಯೆಂದರೆ ಎರಡು ವಾಲ್ವ್, ಜೊತೆಗೆ ಎರಡು ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಕಾಣಬೇಕು. ಕರೆಂಟಿಗೆ ಒಂದು, ಸ್ಪೀಕರಿಗೆ ಒಂದು. ಟ್ರಾನ್ಸ್‌ಫಾರ್ಮರ್ ಇರುವುದರಿಂದ ನಿಜವಾದ ವಾಲ್ವ್ ಪೆಟ್ಟಿಗೆ ಗಾತ್ರಕ್ಕಿಂತ ಹೆಚ್ಚು ಭಾರ. ಒಂದು ಬದಿ ಹೆಚ್ಚು ತೂಗುತ್ತದೆ, ಎತ್ತಿದರೆ ಗೊತ್ತಾಗುತ್ತದೆ.

ನಾಲ್ಕನೆಯದು, ಸ್ವಿಚ್ ಹಾಕುವ ಮೊದಲು ಸ್ಪೀಕರಿನ ವೈರು ಜೋಡಿಸಿದೆಯೇ ಎಂದು ನೋಡುವುದು. ಸ್ಪೀಕರ್ ಇಲ್ಲದೆ ವಾಲ್ವ್ ಪೆಟ್ಟಿಗೆಯನ್ನು ಓಡಿಸಿ ನುಡಿಸಬಾರದು. ಹೊರೆಯಿಲ್ಲದ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟ್ ವಿಪರೀತ ಏರಿ ಒಳಗಿನ ಸುತ್ತು ಸುಟ್ಟುಹೋಗಬಹುದು. ಈ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯ ಅತಿ ದುಬಾರಿ ಭಾಗಗಳಲ್ಲಿ ಒಂದು.

ಐದನೆಯದು, ಗಿಟಾರ್ ಜೋಡಿಸದೆ ಸ್ವಿಚ್ ಹಾಕಿ ಅರ್ಧ ನಿಮಿಷ ಕಾಯುವುದು. ವಾಲ್ವ್ ಕಾಯಬೇಕಲ್ಲ, ಕೂಡಲೇ ದನಿ ಬಾರದು. ತಿರುಗಣೆ ಸೊನ್ನೆಯಲ್ಲಿರುವಾಗ ಸಣ್ಣ ಗುಂಯ್‌ಗುಟ್ಟುವಿಕೆ ಸಹಜ. ಒಂದೇ ಪವರ್ ವಾಲ್ವಿನ ಪೆಟ್ಟಿಗೆಯಲ್ಲಿ ಅದು ಪೂರ್ತಿ ಹೋಗುವುದಿಲ್ಲ. ಎರಡು ಮಾರು ದೂರ ನಿಂತರೂ ಕಾಡುವಷ್ಟು ಇದ್ದರೆ ಕರೆಂಟನ್ನು ಸಮ ಮಾಡುವ ಕೆಪಾಸಿಟರುಗಳು ಮುಪ್ಪಾಗಿರಬಹುದು. ಆಮೇಲೆ ಗಿಟಾರ್ ಜೋಡಿಸಿ. ಆಗ ಹೆಚ್ಚಾಗುವ ಸದ್ದು ಗಿಟಾರಿನದು, ಪೆಟ್ಟಿಗೆಯದಲ್ಲ.

ಆರನೆಯದು, ಮರದ ಪೆನ್ಸಿಲಿನ ಹಿಂಬದಿಯಿಂದ ಸಣ್ಣ ವಾಲ್ವಿನ ಗಾಜನ್ನು ಮೆಲ್ಲಗೆ ತಟ್ಟುವುದು. ಸ್ಪೀಕರಿನಲ್ಲಿ ಟಿಕ್ ಎಂದರೆ ತೊಂದರೆಯಿಲ್ಲ. ಗಂಟೆ ಬಾರಿಸಿದಂತೆ ಟಿಣ್ ಎಂದು ಎಳೆದರೆ, ಕಿರುಚಿದರೆ, ಆ ವಾಲ್ವ್ ಬದಲಾಯಿಸಬೇಕು. ವಾಲ್ವನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೊಬ್ಬೆ ಎದ್ದೀತು. ದೊಡ್ಡ ವಾಲ್ವಿನ ನಡುವಿನ ತಂತಿ ಕೆಂಪಗೆ ಹೊಳೆಯಬೇಕು, ಹೊರಗಿನ ಕಪ್ಪು ತಗಡು ಹೊಳೆಯಬಾರದು. ತಗಡೇ ಕೆಂಪಾದರೆ ಕೂಡಲೇ ಸ್ವಿಚ್ ತೆಗೆಯಿರಿ.

ಏಳನೆಯದು ನುಡಿಸಿ ಕೇಳುವುದು. ಮೊದಲು ದನಿ ತಗ್ಗಿಸಿ ಒಂದೊಂದೇ ತಂತಿ ಮಿಡಿಸಿ. ಸ್ವರ ನಿಚ್ಚಳವಾಗಿರಬೇಕು. ಆಮೇಲೆ ತಿರುಗಣೆಯನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ ದನಿ ಯಾವ ಹಂತದಲ್ಲಿ ಒರಟಾಗತೊಡಗುತ್ತದೆ ಎಂದು ಗುರುತಿಸಿ. ಒಳ್ಳೆಯ ಪೆಟ್ಟಿಗೆಯಲ್ಲಿ ಮೆಲ್ಲಗೆ ಮಿಡಿಸಿದರೆ ನಿಚ್ಚಳ, ಜೋರಾಗಿ ಮಿಡಿಸಿದರೆ ಒರಟು, ಎರಡೂ ಒಂದೇ ಹಂತದಲ್ಲಿ ಕೈಯಳತೆಗೆ ಸಿಗುತ್ತವೆ. ಪೂರ್ತಿ ಏರಿಸಿ ಗಿಟಾರಿನ ಮೇಲಿನ ತಿರುಗಣೆಯನ್ನು ಇಳಿಸಿದರೆ ದನಿ ಮತ್ತೆ ನಿಚ್ಚಳವಾಗಬೇಕು. ಕೊನೆಗೆ ದಪ್ಪ ತಂತಿಯನ್ನು ಮಿಡಿಸಿ. ಅದರ ಕಂಪನ ಸೆಕೆಂಡಿಗೆ ಸುಮಾರು 82. ಆರು ಇಂಚಿನ ಸ್ಪೀಕರ್ ಅಷ್ಟು ಮಂದ್ರವನ್ನು ತುಂಬಿ ಕೊಡಲಾರದು, ಹತ್ತು ಇಂಚಿನದು ಹೆಚ್ಚು ಚೆನ್ನಾಗಿ ಕೊಡುತ್ತದೆ. ಆಗಲೇ ಪೆಟ್ಟಿಗೆಯ ಹಲಗೆ, ತಿರುಪು, ಜಾಲರಿ ಎಲ್ಲಾದರೂ ಗಡಗಡ ಎನ್ನುತ್ತದೆಯೇ ಎಂದೂ ಕೇಳಿ. ಐದು ನಿಮಿಷ ಸಾಲದು, ಒಂದು ಗಂಟೆ ಹೊತ್ತಿಸಿ ಇಡಲು ಹೇಳಿ. ಮಾರುವವರು ಒಪ್ಪದಿದ್ದರೆ ಅದೂ ಒಂದು ಉತ್ತರವೇ.

ಕೊಂಡ ಮೇಲಿನ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ವಾಲ್ವ್ ಸವೆಯುವ ವಸ್ತು. ಸಣ್ಣ ವಾಲ್ವ್ ಅನೇಕ ವರ್ಷ ಬರುತ್ತದೆ, ದುಡಿಯುವ ದೊಡ್ಡ ವಾಲ್ವ್ ಅಷ್ಟು ಬರುವುದಿಲ್ಲ. ಈಗ ಗಿಟಾರಿನ ವಾಲ್ವುಗಳು ಹೆಚ್ಚಾಗಿ ಬರುವುದು ರಷ್ಯಾ, ಸ್ಲೊವಾಕಿಯಾ ಮತ್ತು ಚೀನಾಗಳಿಂದ. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದಾಗ ರಷ್ಯಾದ ವಾಲ್ವುಗಳ ರಫ್ತಿಗೆ ತಡೆಬಿದ್ದು ಜಗತ್ತಿನಾದ್ಯಂತ ಬೆಲೆ ಏರಿತ್ತು. ನಮ್ಮ ಪೇಟೆಯ ಅಂಗಡಿಯಲ್ಲಿ ವಾಲ್ವ್ ಸಿಗುವುದಿಲ್ಲ, ಮಹಾನಗರದಿಂದ ತರಿಸಬೇಕು. ಆದ್ದರಿಂದ 12ಎಎಕ್ಸ್7, 6ವಿ6, ಇಎಲ್84 ಹೀಗೆ ಎಲ್ಲೆಡೆ ಬಳಕೆಯಲ್ಲಿರುವ ವಾಲ್ವಿನ ಪೆಟ್ಟಿಗೆಯನ್ನೇ ಆರಿಸಿ. ಅಪರೂಪದ ವಾಲ್ವಿನದು ಚೆಂದವಿದ್ದರೂ ಬೇಡ. ಕರೆಂಟಿನ ಖರ್ಚು ದೊಡ್ಡದಲ್ಲ. ಐದು ವಾಟ್ ದನಿ ಕೊಡಲು ಗೋಡೆಯಿಂದ ನಲವತ್ತು ಐವತ್ತು ವಾಟ್ ಎಳೆಯುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ.

ಹಳ್ಳಿಯ ವೋಲ್ಟೇಜು ಏರುಪೇರಾಗುವುದು ನಿಮಗೆ ನಾನು ಹೇಳಬೇಕಾಗಿಲ್ಲ. ಇಳಿದರೆ ದನಿ ಸೊರಗುತ್ತದೆ, ಏರಿದರೆ ವಾಲ್ವಿನ ಆಯುಷ್ಯ ಸೊರಗುತ್ತದೆ. ಸ್ಟೆಬಿಲೈಸರ್ ಇಡುವುದು ಒಳ್ಳೆಯದು. ತುಲಾ ತಿಂಗಳ ಸಿಡಿಲಿನ ಸಂಜೆಗಳಲ್ಲಿ ಸ್ವಿಚ್ ತೆಗೆದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಆಟಿಯ ಮಳೆಯಲ್ಲಿ ಸ್ಪೀಕರಿನ ಕಾಗದಕ್ಕೂ ಹೊದಿಕೆಗೂ ಬೂಸು ಹಿಡಿಯುತ್ತದೆ. ವಾರಕ್ಕೆ ಎರಡು ಸಲವಾದರೂ ಅರ್ಧ ಗಂಟೆ ಹೊತ್ತಿಸಿದರೆ ವಾಲ್ವಿನ ಬಿಸಿಯೇ ತೇವವನ್ನು ಓಡಿಸುತ್ತದೆ. ಗೋಡೆಗೆ ಒತ್ತಿ ಇಡಬೇಡಿ, ಹಿಂದೆ ಗಾಳಿಯಾಡಲಿ.

ಇನ್ನೊಂದು ಎಚ್ಚರಿಕೆ. ಪೆಟ್ಟಿಗೆಯನ್ನು ಮನೆಯಲ್ಲಿ ಬಿಚ್ಚಲು ಹೋಗಬೇಡಿ. ಪ್ಲಗ್ಗು ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಮುನ್ನೂರು ವೋಲ್ಟಿನ ಮೇಲೆ ಕರೆಂಟು ಉಳಿದಿರಬಹುದು. ಮೊಬೈಲ್ ರಿಪೇರಿ ಕಲಿತ ಹುಡುಗರು ಜಾಣರೇ, ಆದರೆ ಐದು ವೋಲ್ಟಿನ ಅಭ್ಯಾಸದ ಕೈ ಮುನ್ನೂರು ವೋಲ್ಟಿಗೆ ಹೋಗಬಾರದು. ವಾಲ್ವ್ ರೇಡಿಯೋ ರಿಪೇರಿ ಮಾಡಿದ ಹಿರಿಯರು ನಿಮ್ಮ ಪೇಟೆಯಲ್ಲಿ ಯಾರಾದರೂ ಇನ್ನೂ ಇದ್ದರೆ ಅವರನ್ನು ಹುಡುಕಿ. ಈ ಪುಟ್ಟ ಪೆಟ್ಟಿಗೆಯ ಒಳಗು ಅವರು ನೂರಾರು ಸಲ ಕಂಡ ರೇಡಿಯೋದ ಕೊನೆಯ ಭಾಗವೇ. ಅವರ ಪಕ್ಕದಲ್ಲಿ ನಿಮ್ಮ ಮಗನನ್ನೋ ಮಗಳನ್ನೋ ಕೂರಿಸಿದರೆ ಒಂದು ವಿದ್ಯೆಯೂ ಉಳಿದೀತು.

ಕೊನೆಯದಾಗಿ ಜಮಾ ಖರ್ಚು ನೋಡಿ ಬಾಕಿ ತೆಗೆಯೋಣ. ಮನೆಯಲ್ಲಿ ಒಬ್ಬರೇ ನುಡಿಸುವವರು, ಕಲಿಕೆಯಲ್ಲಿ ಒಂದೆರಡು ವರ್ಷ ನಿಂತವರು, ಬೆರಳಿನ ಒತ್ತಡದಿಂದಲೇ ದನಿಯನ್ನು ಬದಲಾಯಿಸಲು ಕಲಿಯಬೇಕೆನ್ನುವವರು, ಧ್ವನಿಮುದ್ರಣ ಮಾಡುವವರು, ಇಂಥವರಿಗೆ ಈ ಪೆಟ್ಟಿಗೆ ಒಳ್ಳೆಯ ಗುರು. ಅದರಲ್ಲಿ ತಪ್ಪು ಮುಚ್ಚುವ ಗುಂಡಿಗಳಿಲ್ಲ. ಮೊನ್ನೆ ಮೊನ್ನೆ ಗಿಟಾರ್ ಹಿಡಿದವರಿಗೆ, ಹತ್ತು ಬಗೆಯ ದನಿ ಬೇಕೆನ್ನುವವರಿಗೆ, ರಾತ್ರಿ ಕಿವಿಗೆ ಹೆಡ್‌ಫೋನ್ ಹಾಕಿ ಅಭ್ಯಾಸ ಮಾಡುವವರಿಗೆ ಸಾದಾ ಟ್ರಾನ್ಸಿಸ್ಟರ್ ಅಥವಾ ಡಿಜಿಟಲ್ ಪೆಟ್ಟಿಗೆ ಸಾಕು, ಹಣವೂ ಉಳಿಯುತ್ತದೆ. ಡ್ರಮ್ಮಿನ ಜೊತೆ ನುಡಿಸಬೇಕಾದ ಸಭೆಗೆ ಐದು ವಾಟ್ ಒಂಟಿಯಾಗಿ ಸಾಲದು. ಆದರೆ ಅದರ ಎದುರಿಗೆ ಒಂದು ಮೈಕು ಇಟ್ಟು ಸಭೆಯ ಧ್ವನಿವರ್ಧಕಕ್ಕೆ ಕೊಟ್ಟರೆ ಧಾರಾಳ ಸಾಕು. ಹಾಡುವ ಮೈಕನ್ನು ಮಾತ್ರ ಈ ಪೆಟ್ಟಿಗೆಗೆ ಚುಚ್ಚಬೇಡಿ, ಅದು ಗಿಟಾರಿಗಾಗಿಯೇ ಮಾಡಿದ್ದು.

ಬ್ಯಾಂಕಿನವನ ಬಾಯಿಂದ ಈ ಮಾತು ಬಂದರೆ ಆಶ್ಚರ್ಯವಾದೀತು, ಆದರೂ ಹೇಳುತ್ತೇನೆ: ಇದು ಸಾಲ ಮಾಡಿ ಕೊಳ್ಳುವ ವಸ್ತುವಲ್ಲ. ಕೈಯಲ್ಲಿ ಇದ್ದರೆ ಕೊಳ್ಳಿ, ಇಲ್ಲದಿದ್ದರೆ ಒಂದು ಅಡಿಕೆ ಕೊಯ್ಲು ಕಾಯಿರಿ. ಕೊಳ್ಳುವ ಹಣದಲ್ಲಿ ಒಂದು ಪಾಲನ್ನು ಮೊದಲು ಮನೆಯ ಅರ್ಥಿಂಗ್ ಸರಿಮಾಡಿಸಲು ತೆಗೆದಿಡಿ. ಆಮೇಲೆ ಪೆಟ್ಟಿಗೆಯನ್ನು ಮನೆಗೆ ತನ್ನಿ, ಮಕ್ಕಳು ನುಡಿಸಲಿ, ನೀವೂ ಕುಳಿತು ಕೇಳಿ.